ವ್ಯಸನದ ಮರುಕಳಿಕೆ ತಡೆ

ವ್ಯಸನದ ಮರುಕಳಿಕೆ ತಡೆ ಎಂಬುದು ಮದ್ಯ, ತಂಬಾಕು, ಅಫೀಮು ಮೊದಲಾದ ವಸ್ತುಗಳ ಸೇವನೆಯನ್ನು ತ್ಯಜಿಸಿದ ವ್ಯಕ್ತಿಯು ಮತ್ತೆ ಹಳೆಯ ಅಭ್ಯಾಸಕ್ಕೆ ಮರಳದಂತೆ ನೆರವಾಗುವ ಮನಶ್ಶಾಸ್ತ್ರೀಯ ಚಿಕಿತ್ಸಾಕ್ರಮವಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಅಲನ್ ಮಾರ್ಲಟ್ (1941–2011) ಇದರ ಪ್ರಮುಖ ಪ್ರವರ್ತಕರು. ಅವರು ಜೂಡಿತ್ ಗಾರ್ಡನ್ ಅವರೊಡನೆ ಸಂಪಾದಿಸಿದ ‘ರಿಲ್ಯಾಪ್ಸ್ ಪ್ರಿವೆನ್ಷನ್’ ಗ್ರಂಥವು 1985ರಲ್ಲಿ ಪ್ರಕಟವಾಯಿತು.

ಹಿನ್ನೆಲೆ

ವ್ಯಸನವನ್ನು ಬಹುಕಾಲ ನೈತಿಕ ದೌರ್ಬಲ್ಯವೆಂದೇ ಭಾವಿಸಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಇಂದು ಅದು ಒಂದು ಕಾಯಿಲೆಯಾಗಿ ಪರಿಗಣಿತವಾಗಿದೆ. ತೀವ್ರ ಹಂಬಲ, ಸೇವನೆಯ ಮೇಲೆ ಹತೋಟಿ ತಪ್ಪುವುದು, ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುವುದು ಮತ್ತು ಬಿಟ್ಟಾಗ ನಡುಕ, ನಿದ್ರಾಹೀನತೆಗಳಂಥ ತೊಂದರೆ ಕಾಣಿಸುವುದು ಇದರ ಮುಖ್ಯ ಲಕ್ಷಣಗಳು.

ಮಾದಕ ವಸ್ತುಗಳು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪ್ರಮಾಣವನ್ನು ಹೆಚ್ಚಿಸುತ್ತವೆ. ಸೇವನೆಯ ಸ್ಥಳ, ಸಂಗಡಿಗರು, ವಾಸನೆ, ಹೊತ್ತು ಇವೆಲ್ಲವೂ ಆ ಅನುಭವದೊಡನೆ ಸ್ಮೃತಿಯಲ್ಲಿ ಬೆಸೆದುಕೊಳ್ಳುತ್ತವೆ. ದೇಹವು ಚೇತರಿಸಿಕೊಂಡ ಮೇಲೂ ಈ ಸ್ಮೃತಿ ಉಳಿಯುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾದೊಡನೆ ಚಿಕಿತ್ಸೆ ಮುಗಿಯುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆಯ ಅಂದಾಜಿನಂತೆ ಮರುಕಳಿಕೆಯ ಪ್ರಮಾಣ ಶೇಕಡಾ 40ರಿಂದ 60ರಷ್ಟಿದ್ದು, ಇದು ಅಧಿಕ ರಕ್ತದೊತ್ತಡ, ಅಸ್ತಮಾ ಮೊದಲಾದ ದೀರ್ಘಕಾಲದ ಕಾಯಿಲೆಗಳಲ್ಲಿ ಕಾಣುವುದಕ್ಕೆ ಸಮೀಪವಾಗಿದೆ.

ಜಾರುವಿಕೆ ಮತ್ತು ಮರುಕಳಿಕೆ

ಮಾರ್ಲಟ್ ಅವರು ಒಮ್ಮೆ ಜಾರುವುದಕ್ಕೂ ಪೂರ್ಣವಾಗಿ ಮರುಕಳಿಸುವುದಕ್ಕೂ ಇರುವ ಭೇದವನ್ನು ಒತ್ತಿಹೇಳಿದರು. ಮೂರು ತಿಂಗಳು ಮದ್ಯ ಮುಟ್ಟದವನು ಮದುವೆಯ ಮನೆಯಲ್ಲಿ ಒಂದು ಲೋಟ ಕುಡಿದರೆ ಅದು ಜಾರುವಿಕೆ. ‘ವ್ರತ ಕೆಟ್ಟಿತು, ನನ್ನಿಂದ ಸಾಧ್ಯವಿಲ್ಲ’ ಎಂದು ಅವನು ಕೈಚೆಲ್ಲಿದರೆ ಅಪರಾಧಪ್ರಜ್ಞೆಯೇ ಮುಂದಿನ ಲೋಟಕ್ಕೆ ದಾರಿಯಾಗುತ್ತದೆ. ‘ಎಲ್ಲಿ ಎಡವಿದೆ?’ ಎಂದು ಪರಿಶೀಲಿಸಿ ಅಂದೇ ನೆರವು ಕೋರಿದರೆ ಮರುಕಳಿಕೆಯನ್ನು ತಡೆಯುವ ಅವಕಾಶ ಉಳಿಯುತ್ತದೆ. ಮನೆಯವರ ನಿಂದೆಯೂ ಮೊದಲಿನ ಭಾವನೆಯನ್ನೇ ಬಲಪಡಿಸಬಹುದು.

ದುಃಖ, ಕೋಪ, ಬೇಸರಗಳಂಥ ಮನಸ್ಥಿತಿಗಳು, ಕೌಟುಂಬಿಕ ಕಲಹ ಮತ್ತು ಗೆಳೆಯರ ಒತ್ತಾಯ ಇವು ಅಪಾಯದ ಮುಖ್ಯ ಸಂದರ್ಭಗಳೆಂದು ಗುರುತಿಸಲಾಗಿದೆ.

ನಿಭಾಯಿಸುವ ಕೌಶಲಗಳು

* ಸಂದರ್ಭಗಳ ಗುರುತಿಸುವಿಕೆ: ಹಂಬಲ ಹುಟ್ಟಿಸುವ ಸ್ಥಳ, ವೇಳೆ ಮತ್ತು ಸಹವಾಸಗಳನ್ನು ಪಟ್ಟಿಮಾಡಿ, ಪ್ರತಿಯೊಂದಕ್ಕೂ ಪರ್ಯಾಯವನ್ನು ಮುಂಚಿತವಾಗಿ ಯೋಜಿಸುವುದು.
* ಹಂಬಲವನ್ನು ಅಲೆಯಂತೆ ಕಾಣುವುದು: ಹಂಬಲವು ಏರಿ, ತುದಿಮುಟ್ಟಿ, ತಾನಾಗಿ ಇಳಿಯುತ್ತದೆ. ಅದರೊಡನೆ ಹೋರಾಡದೆ ಉಸಿರಾಟವನ್ನು ಗಮನಿಸುತ್ತ ಇಳಿಯುವವರೆಗೆ ಕಾಯುವುದು.
* ನಿರಾಕರಣೆಯ ಅಭ್ಯಾಸ: ‘ಬೇಡ’ ಎಂದು ಸ್ಪಷ್ಟವಾಗಿ, ಚುಟುಕಾಗಿ ಹೇಳುವುದನ್ನು ಆಪ್ತಸಮಾಲೋಚಕರೊಡನೆ ಮೊದಲೇ ರೂಢಿಸಿಕೊಳ್ಳುವುದು.
* ಸ್ವಪರೀಕ್ಷೆ: ಹಸಿವು, ಕೋಪ, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದು ಕಾಡುತ್ತಿದೆಯೆಂದು ಕೇಳಿಕೊಂಡು ಅದನ್ನೇ ಪರಿಹರಿಸುವುದು.

ಔಷಧಗಳು ಮತ್ತು ಎಚ್ಚರಿಕೆಗಳು

ಮದ್ಯವ್ಯಸನಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಎಂಬ ಔಷಧಗಳು ಬಳಕೆಯಲ್ಲಿವೆ. ಡೈಸಲ್ಫಿರಾಮ್ ಸೇವಿಸಿದವರು ಮದ್ಯ ಕುಡಿದರೆ ತೀವ್ರ ಅಸ್ವಸ್ಥತೆ ಉಂಟಾಗುತ್ತದೆ. ಆದಕಾರಣ ಅದನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವುದು ಪ್ರಾಣಕ್ಕೇ ಅಪಾಯಕಾರಿ. ದೀರ್ಘಕಾಲ ಅತಿಯಾಗಿ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಸೆಳವು ಮತ್ತು ಸನ್ನಿ ಉಂಟಾಗಬಹುದಾದ್ದರಿಂದ ವೈದ್ಯರ ಮೇಲ್ವಿಚಾರಣೆ ಅಗತ್ಯ. ಹೆರಾಯಿನ್‌ನಂಥ ಅಫೀಮಿನ ವರ್ಗದ ವಸ್ತುಗಳನ್ನು ಬಿಟ್ಟವರಲ್ಲಿ ದೇಹದ ಸಹನಶಕ್ತಿ ಕುಗ್ಗಿರುತ್ತದೆ. ಮತ್ತೆ ಹಿಂದಿನ ಪ್ರಮಾಣವನ್ನೇ ಸೇವಿಸಿದರೆ ಉಸಿರಾಟ ನಿಂತು ಮರಣ ಸಂಭವಿಸಬಹುದು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಹಾಯಕೂಟದ ಸಭೆಗಳೂ ರಾಜ್ಯದಲ್ಲಿ ಜರುಗುತ್ತವೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ (14416) ಮೂಲಕ ದಿನದ 24 ಗಂಟೆಯೂ ಉಚಿತ ಸಲಹೆ ಪಡೆಯಬಹುದು.