ಸಿಗರೇಟು ಬಿಡಿಸುವ ಮಾತ್ರೆ ಸಿಹಿಯ ಚಟಕ್ಕೂ ಮದ್ದೇ?

ಸಿಹಿ ತಿಂದಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಿ, ಇನ್ನಷ್ಟು ಬೇಕೆನಿಸುತ್ತದೆ. ಇದರಲ್ಲಿ ಮೆದುಳಿನ ‘ನಿಕೋಟಿನಿಕ್ ಗ್ರಾಹಿ’ಗಳಿಗೂ ಪಾತ್ರವಿದೆ. ಗ್ರಾಹಿಯನ್ನು ಬೀಗವೆಂದು ತಿಳಿದರೆ, ತಂಬಾಕಿನ ನಿಕೋಟಿನ್ ಅದನ್ನು ತೆರೆಯುವ ಕೀಲಿಕೈ.

ಧೂಮಪಾನ ಬಿಡಿಸಲು ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಪಡೆದ ವರೆನಿಕ್ಲಿನ್ ಮಾತ್ರೆ ಈ ಬೀಗವನ್ನು ಅರ್ಧಂಬರ್ಧ ಮಾತ್ರ ತೆರೆಯುತ್ತದೆ. ಹೀಗಾಗಿ ಹಂಬಲವೂ ತಗ್ಗುತ್ತದೆ, ನಿಕೋಟಿನ್‌ಗೆ ಜಾಗವೂ ಸಿಗುವುದಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ನೀರು ರೂಢಿಯಾಗಿದ್ದ ಇಲಿಗಳಿಗೆ ಇದೇ ಔಷಧ ಕೊಟ್ಟಾಗ ಅವು ಅದನ್ನು ಕಡಿಮೆ ಕುಡಿದವು.

ಆದರೆ ಇದು ಇಲಿಗಳಲ್ಲಿ ಕಂಡ ಫಲಿತಾಂಶ. ಸಕ್ಕರೆ ಬಿಡಿಸಲೆಂದು ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿಲ್ಲ. ವಾಕರಿಕೆ, ನಿದ್ರಾಭಂಗದಂಥ ಅಡ್ಡಪರಿಣಾಮಗಳೂ ಇವೆ. ವೈದ್ಯರ ಸಲಹೆಯಿಲ್ಲದೆ ಯಾರೂ ಇದನ್ನು ತೆಗೆದುಕೊಳ್ಳಬಾರದು.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಚಮಚ. ವಯಸ್ಕರು ದಿನಕ್ಕೆ ಸುಮಾರು 50 ಗ್ರಾಂ ಸಕ್ಕರೆ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 25 ಗ್ರಾಂ ಎಂದರೆ ಸುಮಾರು ಆರು ಟೀ ಚಮಚ. ಕಾಫಿ, ಚಹಾ, ಪಾನಕ, ಸಿಹಿತಿಂಡಿಗೆ ಹಾಕಿದ ಬೆಲ್ಲವೂ ಈ ಲೆಕ್ಕದಲ್ಲೇ ಬರುತ್ತದೆ.