ಕಿಮ್ ಕೈ ಚಾಚಿದರೆ ನಂಬೋದಾ?
ಕತಾರ್‌ನಲ್ಲಿ ನಜ್ಮಾದಿಂದ ಲುಸೈಲ್ ಕಡೆ ಹೋಗ್ತೀರಲ್ಲ, ಅಲ್ಲಿನ ಕಟ್ಟಡ ಕೆಲಸಕ್ಕೆ ಒಂದು ಕಾಲಕ್ಕೆ ಉತ್ತರ ಕೊರಿಯಾದವರೂ ಬಂದಿದ್ರು. ಬೆವರು ಅವರದು, ಸಂಬಳದ ಬಹುಪಾಲು ಅವರ ದೇಶದ ಸರ್ಕಾರದ್ದು. 2017ರ ಡಿಸೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಇಂಥವರನ್ನೆಲ್ಲ ಎರಡು ವರ್ಷದೊಳಗೆ ವಾಪಸ್ ಕಳಿಸಿ ಅಂತು.

ಹತ್ತೇ ದಿನ! ಹೊಸ ವರ್ಷದ ಭಾಷಣದಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಬಾಯಲ್ಲಿ ಒಲಿಂಪಿಕ್ಸ್, ಮಾತುಕತೆ. ಅದೇ ಭಾಷಣದಲ್ಲಿ, ಅಣುಬಾಂಬಿನ ಬಟನ್ ನನ್ನ ಮೇಜಿನ ಮೇಲೇ ಇದೆ ಅಂತಲೂ ಅಂದ್ರು.

ಮೇ ತಿಂಗಳಲ್ಲಿ ಅಣುಪರೀಕ್ಷೆಯ ಸುರಂಗಗಳನ್ನ ಸ್ಫೋಟಿಸಿದ್ರು. ನೋಡೋಕೆ ಕರೆದದ್ದು ವಿದೇಶಿ ಪತ್ರಕರ್ತರನ್ನ, ತಜ್ಞರನ್ನಲ್ಲ. ನನಗೆ ಅನುಮಾನ ಬರೋದೇ ಇಲ್ಲಿ. 2020ರಲ್ಲಿ ಕೇಸಾಂಗ್‌ನಲ್ಲಿ ದಕ್ಷಿಣ ಕೊರಿಯಾ ಜೊತೆಗಿದ್ದ ಜಂಟಿ ಸಂಪರ್ಕ ಕಚೇರಿಯನ್ನೇ ಉಡಾಯಿಸಿಬಿಟ್ರು.

ಹಾಗಂತ ಮಾತೇ ಆಡಬಾರದಾ? ಆಡಲಿ. ನಾವು ಮಾತ್ರ ಕೈಕುಲುಕೋ ಫೋಟೊ ಬಿಟ್ಟು ತಪಾಸಕರಿಗೆ ಬಾಗಿಲು ತೆಗೀತಾರಾ ಅಂತ ನೋಡೋಣ: ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರನ್ನ ಉತ್ತರ ಕೊರಿಯಾ ಹೊರಗೆ ಕಳಿಸಿದ್ದು 2009ರಲ್ಲಿ.