ಹಳ್ಳಿ, ಹಲ್ಲಿ ಮತ್ತು ಓದಿ ಹೇಳುವ ವಿಡಿಯೋ

ಸೂರಗೊಂಡನಕೊಪ್ಪ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಂತ ಸೇವಾಲಾಲರ ಕ್ಷೇತ್ರ, ಫೆಬ್ರುವರಿಯ ಜಯಂತಿಗೆ ಸೇರುವ ಜನ. ನಮ್ಮ ಕಡೆಯ ಒಂದನೇ ತರಗತಿಯಲ್ಲಿ ಕುಳಿತರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ, ನಮ್ಮಂಥವರದು ಉರ್ದು. ಕನ್ನಡ ಪುಸ್ತಕ ತೆರೆದರೆ ಇವರಿಗೆ ಅಕ್ಷರ ಮಾತ್ರವಲ್ಲ, ಎಷ್ಟೋ ಪದಗಳೂ ಹೊಸವು. ಓದಿ ಹೇಳುವವರೂ ಮನೆಯಲ್ಲಿ ಕಡಿಮೆ. ನಮ್ಮ ಅಮ್ಮಿ ಉರ್ದು ಚೆನ್ನಾಗಿ ಓದುತ್ತಾರೆ. ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬರುವುದಿಲ್ಲ.

ಇಂಥ ಮನೆಗಳಿಗೆ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಕಥೆಯ ವಿಡಿಯೋಗಳು ಉಪಯೋಗಕ್ಕೆ ಬರುತ್ತವೆ. ಎಲ್ಲವೂ ಅಲ್ಲ. ಗೊಂಬೆ ಕುಣಿಯುವ ಕಾರ್ಟೂನಿನಿಂದ ಮಗುವಿಗೆ ಕಥೆ ಬರುತ್ತದೆ, ಓದು ಬರುವುದಿಲ್ಲ. ಪರದೆಯ ಮೇಲೆ ಕಥೆಯ ಸಾಲು ಇರಬೇಕು, ಧ್ವನಿ ಯಾವ ಪದಕ್ಕೆ ಬಂತೋ ಆ ಪದದ ಬಣ್ಣ ಬದಲಾಗಬೇಕು.

ಈ ವಿಚಾರದ ಹಿಂದೆ ನಮ್ಮ ದೇಶದವರೇ ಆದ ಬ್ರಿಜ್ ಕೊಠಾರಿ ಇದ್ದಾರೆ. 1996ರಲ್ಲಿ ಸ್ಪ್ಯಾನಿಷ್ ಸಿನಿಮಾ ನೋಡುತ್ತಿದ್ದಾಗ, ಕೆಳಗಿನ ಬರಹ ಇಂಗ್ಲಿಷಿನ ಬದಲು ಸ್ಪ್ಯಾನಿಷಿನಲ್ಲೇ ಇದ್ದಿದ್ದರೆ ಆ ಭಾಷೆ ಕಲಿಯಬಹುದಿತ್ತಲ್ಲ ಎಂದು ಅವರಿಗೆ ಅನ್ನಿಸಿತಂತೆ. 1999ರಲ್ಲಿ ಗುಜರಾತಿನ ಟಿವಿಯಲ್ಲಿ ಸಿನಿಮಾ ಹಾಡುಗಳಿಗೆ ಹಾಡಿನ ಭಾಷೆಯಲ್ಲೇ ಅಡಿಬರಹ ಬಂತು. ಮಕ್ಕಳಿಗಾಗಿ ಅವರು ಶುರು ಮಾಡಿದ ಬುಕ್‌ಬಾಕ್ಸ್‌ನ ಕಥೆಗಳು ಯೂಟ್ಯೂಬಿನಲ್ಲಿ ಕನ್ನಡದಲ್ಲೂ ಇವೆ.

ಎರಡನೇ ತರಗತಿಯ ನನ್ನ ತಮ್ಮ ‘ನಮ್ಮ ಹಳ್ಳಿ’ಯನ್ನು ‘ನಮ್ಮ ಹಲ್ಲಿ’ ಎಂದು ಓದುತ್ತಿದ್ದ. ಉರ್ದುವಿನಲ್ಲಿ ‘ಳ’ ಇಲ್ಲ, ಅವನ ಕಿವಿಗೆ ಎರಡೂ ಒಂದೇ. ಇನ್ನೊಂದು ತೊಡಕೂ ಇತ್ತು. ಮಕ್ತಬ್‌ನಲ್ಲಿ ಬಲದಿಂದ ಎಡಕ್ಕೆ ಓದಿ ಬಂದವನ ಬೆರಳು ಕೆಲವೊಮ್ಮೆ ಕನ್ನಡದ ಸಾಲಿನಲ್ಲೂ ಬಲತುದಿಯಿಂದಲೇ ಹೊರಡುತ್ತಿತ್ತು. ಬಣ್ಣ ಎಡದಿಂದ ಸಾಗುವುದನ್ನು ನೋಡಿ ನೋಡಿ ಅದು ಸರಿಹೋಯಿತು. ‘ಕಾಲು’, ‘ಕಲ್ಲು’ ಬಂದಾಗ ನಾನು ವಿಡಿಯೋ ನಿಲ್ಲಿಸಿ, ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ಕೇಳುತ್ತೇನೆ. ‘ಹಳ್ಳಿ’ ಈಗಲೂ ಆಗೊಮ್ಮೆ ಈಗೊಮ್ಮೆ ಗೋಡೆ ಹತ್ತುತ್ತದೆ.

ಎಚ್ಚರ ಬೇಕಾದದ್ದು ಒಂದು ಕಡೆ. ನಾಲ್ಕು ಸಲ ನೋಡಿದರೆ ಮಗು ಕಥೆಯನ್ನು ಬಾಯಿಪಾಠ ಮಾಡಿ, ಅಕ್ಷರ ನೋಡದೆಯೇ ಗಡಗಡ ಹೇಳುತ್ತದೆ. ಆಗ ಧ್ವನಿ ಪೂರ್ತಿ ಬಂದ್ ಮಾಡಿ. ನಡುವಿನ ಯಾವುದಾದರೂ ಪುಟದಲ್ಲಿ ನಿಲ್ಲಿಸಿ ಒಂದೇ ಪದ ತೋರಿಸಿ ಕೇಳಿ. ಬಂದರೆ ಅದು ಓದು. ಪಕ್ಕದಲ್ಲಿ ದೊಡ್ಡವರು ಇಲ್ಲದಿದ್ದರೆ ಮುಂದಿನ ವಿಡಿಯೋ ತಾನಾಗಿ ಶುರುವಾಗಿ ಮಗು ಎಲ್ಲೋ ಹೋಗಿರುತ್ತದೆ. ಕಾಮರ್ಸ್ ಓದುವವಳಾಗಿ ಹೇಳುತ್ತೇನೆ, ಈ ‘ಉಚಿತ’ಕ್ಕೂ ಬೆಲೆಯಿದೆ: ಡೇಟಾ ನಮ್ಮದು, ನಡುವೆ ಜಾಹೀರಾತು ನೋಡುವ ಕಣ್ಣೂ ನಮ್ಮದು.

ಆ ವಿಷಯದಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ನನಗೆ ಹೆಚ್ಚು ಇಷ್ಟ. ಅಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಉರ್ದುವಿನಲ್ಲಿರುವ ಕಥೆಯನ್ನು ಅಮ್ಮಿ ಮೊದಲು ಓದಿ ಹೇಳುತ್ತಾರೆ, ಆಮೇಲೆ ಅದನ್ನೇ ಕನ್ನಡದಲ್ಲಿ ತೆರೆದರೆ ತಮ್ಮನಿಗೆ ಅರ್ಥ ಹುಡುಕುವ ಕಷ್ಟವಿಲ್ಲ. ಬರೆದವರ ಹೆಸರು ಹಾಕಿ ಯಾರು ಬೇಕಾದರೂ ಆ ಕಥೆಗಳನ್ನು ಮುದ್ರಿಸಬಹುದು, ಅನುವಾದಿಸಬಹುದು. ತಾಂಡಾದಿಂದ ಬರುವ ನನ್ನ ಗೆಳತಿ ಈಗ ಒಂದು ಕಥೆಯನ್ನು ಕನ್ನಡ ಲಿಪಿಯಲ್ಲೇ ಲಂಬಾಣಿಗೆ ತರುತ್ತಿದ್ದಾಳೆ. ‘ಮೊಸಳೆ’ಗೆ ಏನನ್ನುತ್ತಾರೆ ಎಂದು ಅವಳ ಅಜ್ಜಿಯನ್ನು ಕೇಳಬೇಕಂತೆ.